ನಕ್ಷೆ ಅಭ್ಯಾಸ ಪುಸ್ತಕ: ಭಾರತಕ್ಕೆ ಸೈ, ಕಾಸರಗೋಡಿಗೆ ಇಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗೈಡ್ ಸಿಗುವುದೇ ಕಷ್ಟ. ಅಂಗಡಿಯಲ್ಲಿ ಕೇಳಿದರೆ ಮಲಯಾಳದ್ದು ಕೊಡುತ್ತಾರೆ. ಹಾಗಾಗಿ ಮಗಳಿಗೆ ಮಂಗಳೂರಿನಿಂದ ಈ ಪುಸ್ತಕ ತರಿಸಿದೆ.

ಭಾರತದ ಖಾಲಿ ನಕ್ಷೆಗಳಿಗಾಗಿಯಾದರೂ ಕೊಳ್ಳಬಹುದು. ಕಾಗದ ದಪ್ಪ, ಗೋದಾವರಿಯನ್ನು ಎಷ್ಟು ಸಲ ಎಳೆದು ಉಜ್ಜಿದರೂ ಹರಿಯುವುದಿಲ್ಲ. ನನಗೆ ಹಿಡಿಸಿದ್ದು ನದಿಗಳ ಪುಟ. ಪಶ್ಚಿಮಕ್ಕೆ ಹರಿಯುವ ನರ್ಮದಾ, ತಾಪಿಗಳಿಗೆ ಬೇರೆ ಬಣ್ಣ, ಬಾಣದ ಗುರುತು. ವಿಂಧ್ಯ, ಸಾತ್ಪುರಗಳ ನಡುವೆ ನರ್ಮದಾ, ಸಾತ್ಪುರದ ದಕ್ಷಿಣಕ್ಕೆ ತಾಪಿ. ಇವೆರಡನ್ನು ಅದಲುಬದಲು ಮಾಡುತ್ತಿದ್ದ ಮಗಳು ಈಗ ಕಣ್ಣುಮುಚ್ಚಿ ಹೇಳುತ್ತಾಳೆ.

ಸಮಯದ ಲೆಕ್ಕ ಮಾತ್ರ ತೀರಾ ಸಪ್ಪೆ. ಭಾರತದ ಸಮಯಕ್ಕೆ ಆಧಾರ 82½° ಪೂರ್ವ ರೇಖಾಂಶ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದಾರೆ. ಡಿಗ್ರಿಗೆ 4 ನಿಮಿಷದಂತೆ 330 ನಿಮಿಷ, ಅಂದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಅಂತ ನಾನೇ ಕೂತು ಹೇಳಿಕೊಟ್ಟೆ.

ಕೊನೆಯ ಪುಟಗಳೆಲ್ಲ ಕರ್ನಾಟಕದ ಜಿಲ್ಲೆಗಳು. ಕೇರಳದ ಪರೀಕ್ಷೆ ಬರೆಯುವವರಿಗೆ ಅದು ಯಾಕೆ? ಆ ನಕ್ಷೆಯಲ್ಲಿ ಪಯಸ್ವಿನಿ ಹೊಳೆ ಸುಳ್ಯ ದಾಟಿ ಗಡಿಯಲ್ಲಿ ನಿಂತೇಬಿಟ್ಟಿದೆ. ಅದೇ ಹೊಳೆ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಸಮುದ್ರ ಸೇರುವುದು ಪ್ರಕಾಶಕರಿಗೆ ಗೊತ್ತಿದ್ದಂತಿಲ್ಲ.