ಸಿಲೋನ್ ಅನ್ನಬೇಕೋ, ಶ್ರೀಲಂಕಾ ಅನ್ನಬೇಕೋ?

ಇವತ್ತಿನ ದೇಶದ ಬಗ್ಗೆ ಬರೆಯುವುದಾದರೆ ಶ್ರೀಲಂಕಾ, ಎರಡು ಮಾತಿಲ್ಲ. 1972ರ ಮೇ 22ರಂದು ಗಣರಾಜ್ಯವಾದಾಗ ಬಂದ ಹೆಸರಿದು. 1948ರ ಸ್ವಾತಂತ್ರ್ಯದ ಕತೆಗೆ ಸಿಲೋನ್ ಸರಿ; ಆಗ ಇದ್ದದ್ದೇ ಆ ಹೆಸರು. ನಮ್ಮ ಹಿರಿಯರ ಬಾಯಲ್ಲಿ ರೇಡಿಯೋ ಸಿಲೋನ್ ಹಾಗೇ ಇರಲಿ, ಸುಮ್ನೆ ತಿದ್ದಬೇಡಿ.

ಟೀ ವಿಷಯಕ್ಕೆ ಬಂದರೆ ಲೆಕ್ಕ ಉಲ್ಟಾ. 'ಶ್ರೀಲಂಕಾ ಟೀ' ಅಂದರೆ ಯಾಕೋ ಸಪ್ಪೆ, ಅಲ್ವಾ? ಅಂಗಡಿಯಲ್ಲಿ ಈಗಲೂ ಓಡುವುದು ಸಿಲೋನ್ ಟೀ. ಆದರೆ ಕೊಳ್ಳುವಾಗ ಹೆಸರಿಗಿಂತ ಪೊಟ್ಟಣದ ಮೇಲಿನ ಸಿಂಹವನ್ನು ಹುಡುಕಿ. ಮುಂಗಾಲಲ್ಲಿ ಕತ್ತಿ ಹಿಡಿದ ಸಿಂಹ, ಅವರ ಬಾವುಟದಲ್ಲಿರುವಂಥದ್ದೇ. ಪೂರ್ತಿ ಅಲ್ಲೇ ಬೆಳೆದು, ಅಲ್ಲೇ ಪ್ಯಾಕ್ ಆದ ಟೀಗೆ ಮಾತ್ರ ಆ ಗುರುತು. ಬರೀ 'ಸಿಲೋನ್' ಅಂತಿದ್ದರೆ ಪ್ಯಾಕಿಂಗ್ ಬೇರೆಲ್ಲೋ ಆಗಿರಬಹುದು.

ಬಾವುಟದ ಸಿಂಹದ ಸುತ್ತ ನಾಲ್ಕು ಮೂಲೆಗೂ ಅರಳಿ ಎಲೆ ಇದೆ. ಟೀ ಎಲೆ ಅಂದ್ಕೋಬೇಡಿ!