ಹಳೆ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್: ಬರೀ ಡ್ರೈನ್, ಪ್ಯಾನ್ ಇಳಿಸುವುದು, ಮಷೀನ್ ಫ್ಲಶ್ – ಯಾವುದು ಮೇಲು?

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆಟೋಮ್ಯಾಟಿಕ್ ಕಾರಿನ ಸರ್ವಿಸ್ ಪುಸ್ತಕದಲ್ಲಿ ಎಂಜಿನ್ ಆಯಿಲ್ ಲೆಕ್ಕ ಸಿಗುತ್ತದೆ. ಗೇರ್‌ಬಾಕ್ಸ್ ಆಯಿಲ್, ಅಂದರೆ ಎಟಿಎಫ್, ಕೊನೆಯದಾಗಿ ಯಾವಾಗ ಬದಲಾಯಿತು ಅನ್ನುವುದು ಹೆಚ್ಚಾಗಿ ಸಿಗುವುದೇ ಇಲ್ಲ. ಅದನ್ನು ಬದಲಿಸಲು ಮೂರು ದಾರಿ ಇವೆ. ಡ್ರೈನ್ ಪ್ಲಗ್ ತೆಗೆದು ಇಳಿದಷ್ಟನ್ನು ಇಳಿಸಿ ಅಷ್ಟೇ ಹೊಸದು ತುಂಬುವುದು ಒಂದು. ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ, ಅಂದರೆ ಪ್ಯಾನ್, ಬಿಚ್ಚಿ ಫಿಲ್ಟರ್ ಸಮೇತ ಬದಲಿಸುವುದು ಇನ್ನೊಂದು. ಆಯಿಲ್ ತಂಪಾಗಿಸುವ ಕೂಲರ್‌ನ ಪೈಪಿಗೆ ಮಷೀನ್ ಜೋಡಿಸಿ ಪೂರ್ತಿ ಫ್ಲಶ್ ಮಾಡುವುದು ಮೂರನೆಯದು. ಲಕ್ಷ ಕಿಲೋಮೀಟರ್ ದಾಟಿದ ಕಾರುಗಳ ಮೇಲೆ ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹಿಂದಿನ ಲೆಕ್ಕ ಗೊತ್ತಿಲ್ಲದ ಕಾರಿಗೆ ಮೊದಲು ಪ್ಯಾನ್ ಇಳಿಸಬೇಕು, ಆಮೇಲೆ ಬರೀ ಡ್ರೈನ್ ಒಂದೆರಡು ಸಲ. ಮಷೀನ್ ಬೇಕಾಗುವ ಸಂದರ್ಭ ತೀರಾ ಕಡಿಮೆ.

ಇಲ್ಲಿ ಹೇಳುವುದೆಲ್ಲ ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್‌ಗೆ ಮಾತ್ರ. ಸಿವಿಟಿ ಮತ್ತು ಡ್ಯುಯಲ್ ಕ್ಲಚ್ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್‌ಗಳಿಗೆ ಆಯಿಲ್ಲೂ ಬೇರೆ, ಕ್ರಮವೂ ಬೇರೆ. ಎಎಂಟಿ ಅಂತೂ ಮ್ಯಾನ್ಯುವಲ್ ಗೇರ್‌ಬಾಕ್ಸೇ. ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು.

ಮೊದಲು ಲೆಕ್ಕ. ಒಟ್ಟು 8 ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನ ಡ್ರೈನ್ ಪ್ಲಗ್ ತೆಗೆದರೆ 3.5ರಿಂದ 4 ಲೀಟರ್ ಇಳಿಯಬಹುದು. ಉಳಿದದ್ದು ಟಾರ್ಕ್ ಕನ್ವರ್ಟರ್, ಆಯಿಲ್ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿ, ಕೂಲರ್ ಪೈಪುಗಳಲ್ಲೇ ನಿಲ್ಲುತ್ತದೆ. ಪ್ರತಿ ಸಲ ಅರ್ಧ ಬದಲಾದರೆ ಮೊದಲ ಸಲಕ್ಕೆ ಶೇ. 50, ಎರಡನೆಯದಕ್ಕೆ 75, ಮೂರನೆಯದಕ್ಕೆ 87.5ರಷ್ಟು ಹೊಸ ಆಯಿಲ್. ಶೇ. 40 ಮಾತ್ರ ಇಳಿಯುವ ಗೇರ್‌ಬಾಕ್ಸ್ ಆದರೆ ಮೂರು ಸಲಕ್ಕೆ 78ರಷ್ಟು. ಅಲ್ಲಿಂದ ಮುಂದೆ ಸುರಿದ ಆಯಿಲ್‌ಗೆ ತಕ್ಕ ಲಾಭ ಇಲ್ಲ.

ಬರೀ ಡ್ರೈನ್ ಮಾಡುವುದು ಸುಲಭ, ಗೇರ್‌ಬಾಕ್ಸ್‌ಗೂ ಹಿತ. ಒಳಗೆ ಹೊರಗಿನ ಒತ್ತಡ ಬೀಳುವುದಿಲ್ಲ, ಅಂಟಿದ ಕೊಳೆ ಒಮ್ಮೆಲೇ ಎದ್ದು ಬರುವುದಿಲ್ಲ. ಕಾರನ್ನು ಸಮತಟ್ಟಾಗಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ; ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಆಯಿಲ್ ಲೆವೆಲ್ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇಲ್ಲದ ಕಾರಾದರೆ ಮೊದಲು ಬಿಚ್ಚಬೇಕಾದ್ದು ತುಂಬುವ ಪ್ಲಗ್. ಅದು ತುಕ್ಕು ಹಿಡಿದು ಬರಲಿಲ್ಲ ಅಂತ ಆಯಿಲ್ ಪೂರ್ತಿ ಇಳಿಸಿದ ಮೇಲೆ ಗೊತ್ತಾದರೆ ಕಾರು ಅಲ್ಲೇ ನಿಲ್ಲುತ್ತದೆ. ಇಳಿದ ಆಯಿಲ್ ತಣ್ಣಗಾದ ಮೇಲೆ ಗುರುತಿರುವ ಬಾಟಲಿಗೆ ಸುರಿದು ಅಳೆಯಿರಿ. ಬಿಸಿಯಲ್ಲಿ ಅದು ಹಿಗ್ಗಿರುತ್ತದೆ, ಅಳತೆ ತಪ್ಪುತ್ತದೆ. ಅಷ್ಟೇ ಹೊಸದು ಹಾಕಿ, ಪ್ಲಗ್‌ನ ವಾಷರ್ ಕೂಡ ಹೊಸದೇ ಇರಲಿ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಎಲ್ಲ ಗೇರ್‌ಗಳೂ ಬೀಳುವಂತೆ ಕಾರು ಓಡಿರಬೇಕು. ಇಲ್ಲದಿದ್ದರೆ ಕನ್ವರ್ಟರ್‌ನ ಹಳೆ ಆಯಿಲ್ ಹೊಸದರೊಂದಿಗೆ ಬೆರೆಯುವುದೇ ಇಲ್ಲ, ಈಗತಾನೆ ಹಾಕಿದ್ದನ್ನೇ ಮತ್ತೆ ಇಳಿಸಿದಂತಾಗುತ್ತದೆ.

ಈ ವಿಧಾನದ ಕೊರತೆ ಒಂದೇ, ಆದರೆ ದೊಡ್ಡದು: ಫಿಲ್ಟರ್ ಹಾಗೇ ಉಳಿಯುತ್ತದೆ, ಒಳಗೇನಿದೆ ಅಂತ ಕಾಣುವುದಿಲ್ಲ. ಹೋಂಡಾದ ಹಳೆ ಆಟೋಮ್ಯಾಟಿಕ್‌ಗಳಲ್ಲಿ ಬಿಚ್ಚಲು ಪ್ಯಾನೇ ಇಲ್ಲ, ಹಾಗಾಗಿ ಅವಕ್ಕೆ ಇದೇ ಸರಿಯಾದ ದಾರಿ. ಅವುಗಳ ಡ್ರೈನ್ ಪ್ಲಗ್‌ಗೆ ಸಾಕೆಟ್ ಬೇಡ, 3/8 ಇಂಚಿನ ರ‍್ಯಾಚೆಟ್‌ನ ಚೌಕ ತುದಿಯೇ ನೇರ ಕೂರುತ್ತದೆ. ತುದಿಯಲ್ಲಿರುವ ಮ್ಯಾಗ್ನೆಟ್ ಒಂದಿಷ್ಟು ಸುಳಿವನ್ನೂ ಕೊಡುತ್ತದೆ.

ಪ್ಯಾನ್ ಇಳಿಸುವುದು ಕೊಳಕು ಕೆಲಸ, ಸಮಯವೂ ಬೇಕು. ಆದರೂ ಮೂರರಲ್ಲಿ ಇದಕ್ಕೇ ನನ್ನ ಮತ, ಏಕೆಂದರೆ ಗೇರ್‌ಬಾಕ್ಸ್‌ನ ನಿಜಸ್ಥಿತಿ ಪ್ಯಾನ್‌ನಲ್ಲಿ ಬಿದ್ದಿರುತ್ತದೆ. ತಳದ ಮ್ಯಾಗ್ನೆಟ್‌ಗಳನ್ನು ಬೆರಳಿಂದ ಒರೆಸಿ ನೋಡಿ. ಕಾಡಿಗೆಯಷ್ಟು ನುಣುಪಾದ ಬೂದು ಪೇಸ್ಟ್ ಇದ್ದರೆ ಅದು ವರ್ಷಗಳ ಸಹಜ ಸವೆತ, ಚಿಂತೆ ಬೇಡ. ಬೆರಳಿಗೆ ಚುಚ್ಚುವ ಕಬ್ಬಿಣದ ಚೂರುಗಳಿದ್ದರೆ ಬೇರಿಂಗ್ ಅಥವಾ ಗೇರ್ ಸವೆಯುತ್ತಿದೆ. ಮ್ಯಾಗ್ನೆಟ್‌ಗೆ ಅಂಟದ ಹಿತ್ತಾಳೆ ಬಣ್ಣದ ಚೂರು ಬುಷ್‌ನದ್ದು. ಕಪ್ಪು ಕಾಗದದ ಹುಡಿಯಂಥದ್ದು ಪ್ಯಾನ್ ತುಂಬ ಇದ್ದರೆ ಕ್ಲಚ್ ಪ್ಲೇಟುಗಳ ಲೈನಿಂಗ್ ಹೋಗುತ್ತಿದೆ. ಇದು ಯಾವುದೂ ಬೇರೆ ಎರಡು ವಿಧಾನಗಳಲ್ಲಿ ಹೀಗೆ ಪೂರ್ತಿಯಾಗಿ ಕಾಣುವುದಿಲ್ಲ.

ಪ್ಯಾನ್ ಬೋಲ್ಟ್‌ಗಳು ಬಹುಪಾಲು 10 ಮಿ.ಮೀ. ತಲೆಯವು. ಒಂದು ಮೂಲೆಯವನ್ನು ಸಡಿಲ ಮಾಡಿ ಪೂರ್ತಿ ತೆಗೆಯದೆ ಬಿಟ್ಟರೆ ಪ್ಯಾನ್ ಆ ಕಡೆಗೆ ವಾಲಿ ಆಯಿಲ್ ನಿಧಾನ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಮೈಮೇಲೆ ಬೀಳುತ್ತದೆ. ಫಿಲ್ಟರ್ ಎಳೆದಾಗ ಅದರ ಕುತ್ತಿಗೆಯ ಓ-ರಿಂಗ್ ಅಥವಾ ಸೀಲ್ ಹೊರಬಂತೇ ಅಂತ ಟಾರ್ಚ್ ಹಿಡಿದು ನೋಡಲೇಬೇಕು. ಹಳೆಯದು ಮೇಲೆ ರಂಧ್ರದಲ್ಲೇ ಉಳಿದು ಅದರ ಮೇಲೆ ಹೊಸದನ್ನು ತುರುಕಿದರೆ ಫಿಲ್ಟರ್ ಸರಿಯಾಗಿ ಕೂರುವುದಿಲ್ಲ, ಪಂಪು ಗಾಳಿ ಎಳೆಯುತ್ತದೆ, ಆಯಿಲ್ ನೊರೆಯಾಗುತ್ತದೆ. ಕಾರು ಗುಂಯ್ ಅನ್ನುತ್ತಾ ಗೇರ್ ತಡವಾಗಿ ಹಿಡಿಯುತ್ತದೆ. ಲೋಹದ ಜಾಲರಿಯ ಫಿಲ್ಟರ್ ಆದರೆ ತೊಳೆದು ಮತ್ತೆ ಹಾಕಬಹುದು, ಫೆಲ್ಟ್‌ನದು ಆದರೆ ಹೊಸದೇ ಆಗಬೇಕು.

ಮುಚ್ಚುವಾಗ ಎರಡೂ ಮುಖಗಳಲ್ಲಿ ಹಳೆ ಗ್ಯಾಸ್ಕೆಟ್ ಚೂರು ಉಳಿಯದಂತೆ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಗೇರ್‌ಬಾಕ್ಸ್‌ನ ಮುಖ ಅಲ್ಯೂಮಿನಿಯಂ, ಉಳಿ ತಾಗಿಸಿದರೆ ಗೀರು ಬಿದ್ದು ಸೋರುತ್ತದೆ. ನೂಲು ಬಿಡುವ ಬಟ್ಟೆಯಿಂದ ಒಳಗೆ ಒರೆಸಬೇಡಿ. ಗ್ಯಾಸ್ಕೆಟ್ ಬರುವ ಪ್ಯಾನ್‌ಗೆ ಸಿಲಿಕೋನ್ ಹಚ್ಚುವುದು ಬೇಡ, ಉಬ್ಬಿ ಒಳಗೆ ಹೋದ ತುಂಡು ಕಿತ್ತು ಫಿಲ್ಟರ್ ಸೇರುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು. ಹಲವು ಕಾರುಗಳಲ್ಲಿ ಬೇಕಾದದ್ದು 10 ನ್ಯೂಟನ್ ಮೀಟರ್ ಆಸುಪಾಸು ಮಾತ್ರ, ನಿಮ್ಮ ಕಾರಿನದನ್ನು ಮ್ಯಾನ್ಯುವಲ್‌ನಲ್ಲಿ ನೋಡಿಕೊಳ್ಳಿ. ಸೋರದಿರಲಿ ಅಂತ ಜೋರಾಗಿ ಬಿಗಿದರೆ ಪ್ಯಾನ್‌ನ ಅಂಚು ಬಾಗಿ ಅಲ್ಲಿಂದಲೇ ಸೋರಲು ಶುರುವಾಗುತ್ತದೆ.

ಇನ್ನು ಮಷೀನ್. ಇದು ಕೂಲರ್ ಪೈಪನ್ನು ಬಿಡಿಸಿ ನಡುವೆ ಕೂರುತ್ತದೆ, ಒಂದು ಕಡೆ ಹಳೆಯದು ಹೊರಬರುತ್ತಿದ್ದಂತೆ ಇನ್ನೊಂದು ಕಡೆಯಿಂದ ಹೊಸದು ಹೋಗುತ್ತದೆ. 8 ಲೀಟರ್ ಗೇರ್‌ಬಾಕ್ಸ್‌ಗೆ 10ರಿಂದ 12 ಲೀಟರ್ ಹಿಡಿಯುತ್ತದೆ, ಏಕೆಂದರೆ ಬೆರೆತದ್ದನ್ನೂ ಹೊರದೂಡಬೇಕು. ಕನ್ವರ್ಟರ್‌ನೊಳಗಿನದನ್ನೂ ಬದಲಿಸುವುದರಲ್ಲಿ ಬೇರೆ ಯಾವುದೂ ಇದನ್ನು ಮೀರಿಸುವುದಿಲ್ಲ. ಇಳಿಯುವ ಬಣ್ಣ ಕೊನೆಗೆ ಹೊಸದರಷ್ಟೇ ಕೆಂಪಾಗುತ್ತದೆ. ಆದರೆ ಪ್ಯಾನ್ ತಳದ ಕೆಸರೂ ಫಿಲ್ಟರೂ ಇದ್ದಲ್ಲೇ ಇರುತ್ತವೆ. ಮೊದಲು ಕ್ಲೀನರ್ ಸುರಿದು ಆಮೇಲೆ ಫ್ಲಶ್ ಮಾಡುತ್ತೇವೆ ಅಂದರೆ ಒಪ್ಪಬೇಡಿ. ಹಳೆ ಗೇರ್‌ಬಾಕ್ಸ್‌ನಲ್ಲಿ ಅದು ಎಬ್ಬಿಸುವ ಕೊಳೆ ಸೊಲೆನಾಯ್ಡ್‌ಗಳ (ವಿದ್ಯುತ್ತಿನಿಂದ ನಡೆಯುವ ವಾಲ್ವ್‌ಗಳ) ಸಣ್ಣ ಜಾಲರಿ, ವಾಲ್ವ್ ಬಾಡಿಯ ಕಿರಿದಾದ ಕಾಲುವೆಗಳಲ್ಲಿ ಸಿಕ್ಕಿಕೊಳ್ಳಬಹುದು. ಮಷೀನ್‌ನ ಪೈಪುಗಳಲ್ಲಿ ಹಿಂದಿನ ಕಾರಿನ ಆಯಿಲ್ ಉಳಿದಿದೆಯೇ, ಹಾಕುವುದು ನಿಮ್ಮ ಕಾರಿನ ಆಯಿಲ್ಲೇ ಅಥವಾ ಎಲ್ಲಕ್ಕೂ ಒಂದೇ ಡ್ರಮ್ಮಿನದ್ದೇ ಅಂತಲೂ ಕೇಳಿ. ಪ್ಯಾನ್ ಇಳಿಸಿ ಫಿಲ್ಟರ್ ಹಾಕಿದ ಮೇಲೆ, ಕ್ಲೀನರ್ ಇಲ್ಲದೆ ಮಾಡುವ ಫ್ಲಶ್‌ಗೆ ನನ್ನ ತಕರಾರಿಲ್ಲ.

ಮಷೀನ್ ಇಲ್ಲದೆ ಬಕೆಟ್ ಇಟ್ಟು ವಾಪಸು ಬರುವ ಪೈಪಿನಿಂದ ಇಳಿಸುವವರಿದ್ದಾರೆ. ಫಲ ಅದೇ, ಅಪಾಯ ಹೆಚ್ಚು. ಎಂಜಿನ್ ಚಾಲೂ ಇದ್ದಾಗ ಲೀಟರ್‌ಗಟ್ಟಲೆ ಬೇಗ ಹೊರಬರುತ್ತದೆ, ಪಂಪು ಒಣಗಿ ಓಡಿದರೆ ಹಾಳಾಗುತ್ತದೆ. ಕೀಲಿಯ ಬಳಿ ಒಬ್ಬರು, ಬಕೆಟ್ ಬಳಿ ಇನ್ನೊಬ್ಬರು ಇರಲೇಬೇಕು. ಒಂದೂವರೆ ಲೀಟರ್ ಇಳಿದ ಕೂಡಲೇ ಎಂಜಿನ್ ನಿಲ್ಲಿಸಿ ಅಷ್ಟೇ ತುಂಬಿ ಮುಂದುವರಿಸಬೇಕು.

ಹೊಸ ಆಯಿಲ್ ಹಾಕಿದರೆ ಹಳೆ ಗೇರ್‌ಬಾಕ್ಸ್ ಸಾಯುತ್ತದೆ ಅನ್ನುವ ಮಾತಿದೆ. ಬಹಳಷ್ಟು ಸಲ ಕಾರಣ ತಿರುಗಾಮುರುಗಾ: ಗೇರ್ ಸರಿಯಾಗಿ ಹಿಡಿಯದೆ ಸ್ಲಿಪ್ ಆಗಲು ಶುರುವಾದ ಮೇಲೆ ಆಯಿಲ್ ಬದಲಿಸುತ್ತಾರೆ, ಆಗ ಕ್ಲಚ್ ಪ್ಲೇಟು ಆಗಲೇ ಸುಟ್ಟಿರುತ್ತದೆ. ಸ್ಲಿಪ್ ಇಲ್ಲದ, ಆಯಿಲ್ ಮಾತ್ರ ಕಂದಾದ ಗೇರ್‌ಬಾಕ್ಸ್‌ಗೆ ಬದಲಾವಣೆಯಿಂದ ಒಳ್ಳೆಯದೇ ಆಗುತ್ತದೆ. ಸುಟ್ಟ ವಾಸನೆಯೂ ಇದೆ, ಎಂಜಿನ್ ಏರಿದರೂ ವೇಗ ಏರುತ್ತಿಲ್ಲ ಅಂದರೆ ಯಾವ ವಿಧಾನವೂ ಅದನ್ನು ಉಳಿಸುವುದಿಲ್ಲ.

ಯಾವ ದಾರಿ ಹಿಡಿದರೂ ಕೆಡುವುದು ಹೆಚ್ಚಾಗಿ ಎರಡು ಕಡೆ, ಆಯಿಲ್ ಆಯ್ಕೆಯಲ್ಲಿ ಮತ್ತು ಲೆವೆಲ್‌ನಲ್ಲಿ. ಟೊಯೊಟಾದ ಟಿ-4 ಆಯಿಲ್ ಕೇಳುವ ಗೇರ್‌ಬಾಕ್ಸ್‌ಗೆ ಅದಕ್ಕಿಂತ ತೆಳುವಾದ ಡಬ್ಲ್ಯುಎಸ್ ಹಾಕಬಾರದು, ಡಬ್ಲ್ಯುಎಸ್ ಕೇಳುವುದಕ್ಕೆ ಟಿ-4 ಕೂಡ ಹಾಕಬಾರದು. ಹೋಂಡಾದ ಹಳೆ ಝಡ್-1 ಆಯಿಲ್ ಜಾಗಕ್ಕೆ ಡಿಡಬ್ಲ್ಯು-1 ನಡೆಯುತ್ತದೆ. ಡೆಕ್ಸ್‌ರಾನ್ 3 ಕೇಳುವ ಜನರಲ್ ಮೋಟರ್ಸ್ ಕಾರುಗಳಿಗೆ 2005ರಲ್ಲಿ ಬಂದ ಡೆಕ್ಸ್‌ರಾನ್ 6 ಹಾಕಬಹುದು.

ಲೆವೆಲ್ ನೋಡುವ ರೀತಿಯೂ ಒಂದೇ ಅಲ್ಲ. ಹೆಚ್ಚಿನ ಡಿಪ್‌ಸ್ಟಿಕ್ ಕಾರುಗಳಲ್ಲಿ ಆಯಿಲ್ ಬಿಸಿಯಾಗಿ, ಎಂಜಿನ್ ಚಾಲೂ ಇದ್ದು, ಲಿವರನ್ನು ಎಲ್ಲ ಸ್ಥಾನಗಳಿಗೂ ಒಯ್ದು ಪಿ‌ಗೆ ತಂದು ನೋಡಬೇಕು. ಹೋಂಡಾದಲ್ಲಿ ಎಂಜಿನ್ ನಿಲ್ಲಿಸಿ ಒಂದೂವರೆ ನಿಮಿಷದೊಳಗೆ. ಡಿಪ್‌ಸ್ಟಿಕ್ ಇಲ್ಲದವುಗಳಲ್ಲಿ ಬಿಸಿ ಎಷ್ಟೆಂದು ತೋರಿಸುವ ಸ್ಕ್ಯಾನರ್ ಹಚ್ಚಿ ಆಯಿಲ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗ, ಎಂಜಿನ್ ಚಾಲೂ ಇಟ್ಟು ಚೆಕ್ ಪ್ಲಗ್ ತೆಗೆಯುವುದು ಸಾಮಾನ್ಯ ಕ್ರಮ. ಧಾರೆ ನಿಂತು ಹನಿಯಾಗುತ್ತಿದ್ದಂತೆ ಪ್ಲಗ್ ಮುಚ್ಚಬೇಕು. ತುಂಬಾ ಬಿಸಿಯಾದ ಮೇಲೆ ತೆಗೆದರೆ ಹಿಗ್ಗಿದ ಆಯಿಲ್ ಬೇಡದಷ್ಟು ಹರಿದುಹೋಗಿ ತಣ್ಣಗಾದಾಗ ಲೆವೆಲ್ ಕಡಿಮೆ ಬೀಳುತ್ತದೆ.

ಇಳಿದ ಆಯಿಲ್ ಗುಲಾಬಿ ಹಾಲಿನ ಬಣ್ಣದಲ್ಲಿದ್ದರೆ ಮಾತ್ರ ಈ ಹೋಲಿಕೆಯೇ ಬದಿಗಿರಲಿ. ರೇಡಿಯೇಟರ್‌ನೊಳಗಿನ ಕೂಲರ್ ಒಡೆದು ಕೂಲಂಟ್ ಸೇರಿದೆ. ಅದು ಕ್ಲಚ್ ಲೈನಿಂಗ್‌ನ ಅಂಟನ್ನು ಬಿಡಿಸುತ್ತದೆ. ಕಾರನ್ನು ಚಾಲೂ ಮಾಡದೆ ಟೋ ಮಾಡಿಸಿ. ಮೊದಲ ಕೆಲಸ ರೇಡಿಯೇಟರ್‌ನದು, ಕೂಲಂಟ್ ಬೆರೆತು ಎಷ್ಟು ಓಡಿದೆ ಅನ್ನುವುದರ ಮೇಲೆ ಗೇರ್‌ಬಾಕ್ಸ್ ಬಿಚ್ಚುವ ನಿರ್ಧಾರ.