ಉಪಗ್ರಹ ಸ್ಥಾನನಿರ್ಣಯ ಕಲಿಯಲು ಶುಲ್ಕದ ತರಬೇತಿ, ಉಚಿತ ಪಾಠ, ಸ್ವಂತ ರಿಸೀವರ್: ಮೂರನ್ನೂ ಬಳಸಿ ನೋಡಿದ ಮೇಲೆ

ಹಳ್ಳಿಗಳ ಕೆರೆಯ ಏರಿ, ತೂಬು ಮತ್ತು ಕೋಡಿಗಳ ಸ್ಥಾನವನ್ನೂ ಮಟ್ಟವನ್ನೂ ಉಪಗ್ರಹಗಳ ನೆರವಿನಿಂದ ಅಳೆದು ನಕ್ಷೆ ಮಾಡುವುದನ್ನು ಕಲಿಯಬೇಕೆಂದು ನಿರ್ಧರಿಸಿದಾಗ ನನ್ನ ಮುಂದೆ ಮೂರು ದಾರಿಗಳಿದ್ದವು. ನಗರದ ಖಾಸಗಿ ಸಂಸ್ಥೆಯೊಂದು ಶುಲ್ಕ ಪಡೆದು ನಡೆಸುವ ತರಬೇತಿ ಒಂದು. ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಪಾಠಗಳು ಇನ್ನೊಂದು. ಎರಡು ಆವರ್ತನಗಳನ್ನು ಹಿಡಿಯುವ ಸಣ್ಣ ರಿಸೀವರ್ ಬೋರ್ಡನ್ನು ಕೊಂಡು, ಅಳೆಯುತ್ತಲೇ ಕಲಿಯುವುದು ಮತ್ತೊಂದು. ಇದೇ ಕ್ರಮದಲ್ಲಿ ಮೂರನ್ನೂ ಮಾಡಿದ್ದೇನೆ. ಕೈಯಲ್ಲಿ ಸೀಮಿತ ಹಣವಿದ್ದು, ವಿಷಯವನ್ನು ಬುಡದಿಂದ ತಿಳಿಯುವ ಆಸೆಯಿರುವವರಿಗೆ ಮೂರನೆಯ ದಾರಿಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತರಬೇತಿಯಲ್ಲಿ ಕೈಗೆ ಕೊಟ್ಟದ್ದು ಲಕ್ಷಗಟ್ಟಲೆ ಬೆಲೆಯ ರೋವರ್, ಅಂದರೆ ಕೋಲಿನ ತುದಿಗೆ ಕೂರಿಸಿ ಬಿಂದುವಿನಿಂದ ಬಿಂದುವಿಗೆ ಒಯ್ಯುವ ರಿಸೀವರ್. ಕೋಲನ್ನು ನೇರವಾಗಿ ಹಿಡಿಯುವುದು, ಕಂಟ್ರೋಲರ್ ಪರದೆಯಲ್ಲಿ 'ಫಿಕ್ಸ್' ಎಂದು ಬರುವವರೆಗೆ ಕಾಯುವುದು, ಬಿಂದುವನ್ನು ಉಳಿಸುವುದು, ಕೊನೆಗೆ ಎಲ್ಲವನ್ನೂ ಕ್ಯಾಡ್ ಎಂಬ ನಕ್ಷೆಯ ಫೈಲಿಗೆ ಇಳಿಸುವುದು, ಇಷ್ಟು ಅಲ್ಲಿನ ಪಾಠದ ಸಾರ. ಅಡಿಕೆ ತೋಟದೊಳಗೆ ಕಾಲಿಟ್ಟ ಕೂಡಲೇ ಫಿಕ್ಸ್ ಹೋಗಿ 'ಫ್ಲೋಟ್' ಏಕೆ ಬರುತ್ತದೆ, ಬಂದರೆ ಅಳತೆ ಎಷ್ಟು ಕೆಡುತ್ತದೆ ಎಂದು ಕೇಳಿದರೆ, ಬಯಲಿಗೆ ಬಂದು ಅಳೆಯಿರಿ ಎಂಬ ಉತ್ತರ ಮಾತ್ರ ಸಿಕ್ಕಿತು. ಆದರೂ ಅಲ್ಲಿ ಕಲಿತ ಕ್ಷೇತ್ರದ ಶಿಸ್ತನ್ನು ಬೇರೆಲ್ಲೂ ಯಾರೂ ನನಗೆ ಹೇಳಿಕೊಟ್ಟಿಲ್ಲ ಎಂಬುದನ್ನು ದಾಖಲಿಸಲೇಬೇಕು. ಬೆಳಿಗ್ಗೆ ಕೆಲಸ ಶುರುಮಾಡುವಾಗಲೂ ಸಂಜೆ ಮುಗಿಸುವಾಗಲೂ ಸ್ಥಾನ ಗೊತ್ತಿರುವ ಒಂದು ಬಿಂದುವಿನ ಮೇಲೆ ರೋವರ್ ನಿಲ್ಲಿಸಿ ತಾಳೆ ನೋಡುವುದು, ಆಂಟೆನಾದ ಎತ್ತರವನ್ನು ಎರಡು ಬಾರಿ ಅಳೆದು ಪುಸ್ತಕದಲ್ಲಿ ಬರೆದಿಡುವುದು, ಇವೆರಡನ್ನು ನಾನು ಇಂದಿಗೂ ಬಿಟ್ಟಿಲ್ಲ.

ಉಚಿತ ಪಾಠಗಳ ಬಗ್ಗೆ ನನಗೆ ಗೌರವವಿದೆ. ಇಸ್ರೋಗೆ ಸೇರಿದ ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ನಡೆಸುವ ಅಂತರಜಾಲ ತರಗತಿಗಳು ಮತ್ತು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಎಲ್ಲರಿಗೂ ತೆರೆದಿಟ್ಟಿರುವ ಪಾಠದ ಟಿಪ್ಪಣಿಗಳು ಇಲ್ಲದಿದ್ದರೆ, ಒಂದೇ ಉಪಗ್ರಹದ ಸಂಕೇತದಿಂದ ಎರಡು ಬಗೆಯ ಅಳತೆಗಳು ಹುಟ್ಟುತ್ತವೆ ಎಂಬ ಮೂಲ ಸಂಗತಿಯೇ ನನಗೆ ಸ್ಪಷ್ಟವಾಗುತ್ತಿರಲಿಲ್ಲ. ಜಿಪಿಎಸ್‌ನ ನಾಗರಿಕ ಸಂಕೇತದ ಒಂದು 'ಚಿಪ್', ಅಂದರೆ ಆ ಸಂಕೇತದ ಅತಿ ಸಣ್ಣ ತುಣುಕು, ಭೂಮಿಯ ಕಡೆಗೆ ಬರುವಾಗ ಸುಮಾರು 293 ಮೀಟರ್ ಉದ್ದವಿರುತ್ತದೆ. ಅದನ್ನು ರಿಸೀವರಿನೊಳಗಿನ ಪ್ರತಿಯ ಜೊತೆ ಎಷ್ಟೇ ಸೂಕ್ಷ್ಮವಾಗಿ ಹೋಲಿಸಿದರೂ ದೊರೆಯುವುದು ಮೀಟರಿನ ಆಸುಪಾಸಿನ ನಿಖರತೆ. ಆ ಸಂಕೇತವನ್ನು ಹೊತ್ತು ತರುವ 1575.42 ಮೆಗಾಹರ್ಟ್ಸ್‌ನ ಅಲೆಯ ಉದ್ದವಾದರೋ ಸುಮಾರು 19 ಸೆಂಟಿಮೀಟರ್. ಅದನ್ನು ಕೆಲವೇ ಮಿಲಿಮೀಟರುಗಳವರೆಗೆ ಅಳೆಯಬಹುದು, ಆದರೆ ಉಪಗ್ರಹದಿಂದ ಆಂಟೆನಾದವರೆಗೆ ಪೂರ್ಣ ಅಲೆಗಳು ಎಷ್ಟಿವೆ ಎಂಬ ಎಣಿಕೆ ಮಾತ್ರ ತಿಳಿಯುವುದಿಲ್ಲ. ಸಣ್ಣ ಗೆರೆಗಳೆಲ್ಲ ಸ್ಪಷ್ಟವಾಗಿದ್ದು ಮೀಟರಿನ ಅಂಕಿಗಳು ಮಾತ್ರ ಅಳಿಸಿಹೋದ ಟೇಪಿನಿಂದ ಅಳೆದ ಹಾಗೆ. ಆ ಎಣಿಕೆಗಳನ್ನು ಪೂರ್ಣಾಂಕಗಳಾಗಿ ಬಿಡಿಸಿದಾಗ ಬರುವುದು ಫಿಕ್ಸ್; ದಶಮಾಂಶಗಳಲ್ಲೇ ತೂಗಾಡುತ್ತಿದ್ದರೆ ಅದು ಫ್ಲೋಟ್. ತರಬೇತಿಯಲ್ಲಿ ಕೇಳಿ ಉತ್ತರ ಸಿಗದ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಆದರೆ ಇವನ್ನು ಓದಿ ಒಪ್ಪಿಕೊಳ್ಳುವುದೇ ಬೇರೆ, ಕಣ್ಣಾರೆ ಕಾಣುವುದೇ ಬೇರೆ. ನಾನು ಕೊಂಡದ್ದು ಯು-ಬ್ಲಾಕ್ಸ್‌ನ ಜೆಡ್‌ಇಡಿ-ಎಫ್9ಪಿ ಚಿಪ್ ಕೂರಿಸಿರುವ ಬೋರ್ಡ್. ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಿ, ಅಂಗೈ ಅಗಲದ ಉಕ್ಕಿನ ತಗಡಿನ ಮೇಲೆ ಆಂಟೆನಾ ಇಟ್ಟು ತಾರಸಿಯಲ್ಲಿ ಕೂರಿಸಿದರೆ, ಪ್ರತಿಯೊಂದು ಉಪಗ್ರಹದ ಸಂಕೇತಬಲವೂ ಪರದೆಯ ಮೇಲೆ ಒಂದೊಂದು ಕಂಬವಾಗಿ ನಿಲ್ಲುತ್ತದೆ. ನಮ್ಮ ಮನೆಯ ಆಗ್ನೇಯಕ್ಕೆ ಒಂದು ತೆಂಗಿನ ಮರವಿದೆ. ಉಪಗ್ರಹವೊಂದು ಆ ಗರಿಗಳ ಹಿಂದಕ್ಕೆ ಸರಿಯುತ್ತಿದ್ದಂತೆ ಅದರ ಕಂಬ ಕುಗ್ಗುತ್ತದೆ, ಗಾಳಿ ಬಂದಾಗ ಮೇಲೆ ಕೆಳಗೆ ಕುಣಿಯುತ್ತದೆ, ಅಲೆಯ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಂಟೆನಾದ ಕೆಳಗಿನ ತಗಡನ್ನು ತೆಗೆದುಬಿಟ್ಟರೆ, ನೆಲದಿಂದ ಪುಟಿದು ಬರುವ ಸಂಕೇತಗಳು ಸೇರಿಕೊಂಡು ಸ್ಥಾನ ಅಲೆದಾಡತೊಡಗುತ್ತದೆ. ಅಡಿಕೆ ತೋಟದೊಳಗೆ ಫಿಕ್ಸ್ ಏಕೆ ನಿಲ್ಲುವುದಿಲ್ಲ ಎಂಬುದನ್ನು ಆ ಮರದ ಕೆಳಗೆ ಕುಳಿತು ನೋಡಿದ ಮೇಲೆ ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿಲ್ಲ. ದುಬಾರಿ ರೋವರಿನ ಒಳಗೂ ಇದೇ ನಡೆಯುತ್ತಿರುತ್ತದೆ, ಆದರೆ ಅದರ ಪರದೆ ಇದನ್ನು ಕಲಿಯುವವನಿಗೆ ತೋರಿಸುವಂತೆ ರೂಪುಗೊಂಡಿಲ್ಲ.

ಇನ್ನು ಮೂರೂ ದಾರಿಗಳಲ್ಲಿ ಎದುರಾಗಿ, ಎಲ್ಲಕ್ಕಿಂತ ಹೆಚ್ಚು ಕಾಡಿದ ಒಂದು ತೊಡಕಿನ ಬಗ್ಗೆ ವಿವರವಾಗಿ ಬರೆಯಬೇಕು. ಅದು ಎತ್ತರದ ಸಮಸ್ಯೆ.

ಉಪಗ್ರಹಗಳಿಂದ ಲೆಕ್ಕ ಹಾಕಿದಾಗ ಮೊದಲು ದೊರೆಯುವುದು ಎಲಿಪ್ಸಾಯ್ಡ್ ಎಂಬ ಗಣಿತದ ನುಣುಪು ಮೇಲ್ಮೈಯಿಂದ ಅಳೆದ ಎತ್ತರ. ಕೆರೆಯ ಕೋಡಿ, ಕಾಲುವೆ, ರಸ್ತೆಗಳ ಹಳೆಯ ನಕ್ಷೆಗಳಲ್ಲಿರುವುದು ಸರಾಸರಿ ಸಮುದ್ರ ಮಟ್ಟದಿಂದ ಅಳೆದ ಎತ್ತರ. ಆ ಮಟ್ಟಕ್ಕೆ ಹತ್ತಿರದ, ಗುರುತ್ವವನ್ನು ಅನುಸರಿಸಿ ಏರಿಳಿಯುವ ಮೇಲ್ಮೈಯನ್ನು ಜಿಯಾಯ್ಡ್ ಎನ್ನುತ್ತಾರೆ. ಈ ಎರಡು ಮೇಲ್ಮೈಗಳ ನಡುವಿನ ಅಂತರ ಜಗತ್ತಿನ ಬಹುಪಾಲು ಕಡೆ ಇಷ್ಟು ದೊಡ್ಡದಿಲ್ಲ, ನಮ್ಮಲ್ಲಿ ದೊಡ್ಡದು. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡಿಗಿಂತ ಸುಮಾರು 106 ಮೀಟರ್ ಕೆಳಗಿದೆ, ಇಡೀ ಭೂಮಿಯಲ್ಲೇ ಅದು ಅತ್ಯಂತ ತಗ್ಗಿನ ಭಾಗ. ಆ ತಗ್ಗಿನ ಇಳಿಜಾರಿನಲ್ಲೇ ಇರುವ ಬೆಂಗಳೂರಿನ ಸುತ್ತಮುತ್ತ ಈ ಅಂತರ ಸುಮಾರು 85 ಮೀಟರ್.

ತರಬೇತಿಯ ಕೊನೆಯಲ್ಲಿ ಕೊಟ್ಟ ಫೈಲಿನಲ್ಲಿ 'ಎಲಿವೇಶನ್' ಎಂಬ ಒಂದೇ ಕಾಲಂ ಇತ್ತು. ಅದು ಯಾವ ಮೇಲ್ಮೈಯಿಂದ ಅಳೆದ ಎತ್ತರ ಎಂದು ಕೇಳಿದಾಗ, ಯಂತ್ರವೇ ಲೆಕ್ಕ ಹಾಕುತ್ತದೆ ಎಂಬ ಉತ್ತರ ಬಂತು. ಆ ಯಂತ್ರದಲ್ಲಿ ಜಿಯಾಯ್ಡ್ ಫೈಲನ್ನು ಯಾರೂ ಹಾಕಿರಲಿಲ್ಲ. ನಾವು ಅಳೆದ ಕೆರೆಯ ಕೋಡಿ ಹಳೆಯ ನಕ್ಷೆಯ ಮಟ್ಟಕ್ಕಿಂತ 85 ಮೀಟರಿನಷ್ಟು ಆಳದಲ್ಲಿರುವಂತೆ ಆ ಫೈಲು ತೋರಿಸುತ್ತಿತ್ತು. ಉಚಿತ ಪಾಠಗಳು ಸೂತ್ರವನ್ನು ಸರಿಯಾಗಿಯೇ ಕಲಿಸಿದವು: ಎಲಿಪ್ಸಾಯ್ಡ್ ಎತ್ತರದಿಂದ ಜಿಯಾಯ್ಡ್ ಅಂತರವನ್ನು ಕಳೆದರೆ ಸಮುದ್ರ ಮಟ್ಟದ ಎತ್ತರ ಸಿಗುತ್ತದೆ. ಆದರೆ ನಮ್ಮಲ್ಲಿ ಆ ಅಂತರಕ್ಕೆ ಋಣ ಚಿಹ್ನೆಯಿರುವುದರಿಂದ ಕಳೆಯುವುದೆಂದರೆ ಕೂಡಿಸುವುದೇ ಆಗುತ್ತದೆ. ಚಿಹ್ನೆಯನ್ನು ಗಮನಿಸದೆ ಕಳೆದವರ ಲೆಕ್ಕ 170 ಮೀಟರ್ ಕೆಳಗೆ ಹೋಗಿ ನಿಲ್ಲುತ್ತದೆ.

ಸ್ವಂತ ಬೋರ್ಡು ಈ ಗೊಂದಲವನ್ನು ಬಿಡಿಸಿದ ರೀತಿ ಬಹಳ ಸರಳ. ಅದು ಪ್ರತಿ ಸೆಕೆಂಡಿಗೂ ಹೊರಡಿಸುವ ಜಿಜಿಎ ಎಂಬ ಸಾಲಿನಲ್ಲಿ ಸಮುದ್ರ ಮಟ್ಟದ ಎತ್ತರವೂ, ಅದರ ಪಕ್ಕದಲ್ಲೇ ತಾನು ಬಳಸಿದ ಜಿಯಾಯ್ಡ್ ಅಂತರವೂ ಚಿಹ್ನೆಯ ಸಮೇತ ಇರುತ್ತವೆ. ಎರಡನ್ನೂ ಒಟ್ಟಿಗೆ ನೋಡಿದರೆ ಯಾವುದರಿಂದ ಯಾವುದು ಬಂದಿದೆ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ತಾಳೆ ನೋಡಲು ನಾನು ಆರಿಸಿಕೊಂಡದ್ದು ರೈಲು ನಿಲ್ದಾಣ. ಪ್ಲಾಟ್‌ಫಾರಂ ತುದಿಯ ಹಳದಿ ಹೆಸರುಫಲಕದ ಕೆಳಗೆ ಸಮುದ್ರ ಮಟ್ಟದಿಂದ ಆ ಊರಿನ ಎತ್ತರವನ್ನು ಬರೆದಿರುತ್ತಾರೆ. ಎಲಿಪ್ಸಾಯ್ಡ್ ಎತ್ತರವನ್ನು ತಿದ್ದದೆ ತೋರಿಸುವ ಫೋನ್ ಆ್ಯಪ್ ಅಲ್ಲಿ ಸುಮಾರು 85 ಮೀಟರ್ ಕಡಿಮೆ ತೋರಿಸಿದರೆ, ಬೋರ್ಡಿನ ಸಾಲು ಫಲಕದ ಅಂಕಿಗೆ ಹತ್ತಿರ ಬಂದು ನಿಂತಿತು. ಹತ್ತಿರ ಎಂದೆನೇ ಹೊರತು ಸಮ ಎನ್ನಲಿಲ್ಲ: ಬೋರ್ಡಿನೊಳಗಿನ ಜಿಯಾಯ್ಡ್ ಒರಟಾದ ಮಾದರಿ. ಅದಕ್ಕಿಂತ ಸೂಕ್ಷ್ಮವಾದ ಇಜಿಎಂ2008 ಮಾದರಿಯನ್ನು ಹಾಕಿ ಲೆಕ್ಕ ಹಾಕಬಹುದು, ಆದರೆ ಹಳೆಯ ನಕ್ಷೆಯ ಮಟ್ಟಗಳ ಜೊತೆ ಸೆಂಟಿಮೀಟರಿನಲ್ಲಿ ಹೊಂದಿಸಬೇಕಾದರೆ ಸಮುದ್ರ ಮಟ್ಟದಿಂದ ಎತ್ತರ ಗೊತ್ತಿರುವ, ಹತ್ತಿರದ ಬೆಂಚ್‌ಮಾರ್ಕ್ ಕಲ್ಲೊಂದರ ಮೇಲೆ ಅಳೆದು ಅಂತರವನ್ನು ಕಂಡುಕೊಳ್ಳದೆ ಬೇರೆ ದಾರಿಯಿಲ್ಲ. ಒಂದೇ ಕೆರೆಯ ತೂಬಿಗೂ ಕೋಡಿಗೂ ಎಷ್ಟು ಮಟ್ಟದ ವ್ಯತ್ಯಾಸವಿದೆ ಎಂದಷ್ಟೇ ತಿಳಿಯಬೇಕಿದ್ದರೆ ಈ ಯಾವ ಚಿಂತೆಯೂ ಬೇಡ, ಅಷ್ಟು ಸಣ್ಣ ದೂರದಲ್ಲಿ ಎರಡೂ ಮೇಲ್ಮೈಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ.

ಸೆಂಟಿಮೀಟರ್ ನಿಖರತೆಗೆ ಬೇಸ್ ಬೇಕು, ಅಂದರೆ ಸ್ಥಾನ ಗೊತ್ತಿರುವ ಬಿಂದುವಿನ ಮೇಲೆ ಅಲುಗದೆ ನಿಂತು, ಅಳತೆಯ ತಪ್ಪನ್ನು ತಿದ್ದಲು ನೆರವಾಗುವ ಇನ್ನೊಂದು ರಿಸೀವರ್. ಭಾರತೀಯ ಸರ್ವೇಕ್ಷಣ ಇಲಾಖೆ ದೇಶದಾದ್ಯಂತ ಸ್ಥಾಪಿಸಿರುವ, ಸದಾ ಅಳೆಯುತ್ತಲೇ ಇರುವ ಕಾರ್ಸ್ ಎಂಬ ಬೇಸ್ ಕೇಂದ್ರಗಳ ಜಾಲದಿಂದ ತಿದ್ದುಪಡಿಗಳನ್ನು ಪಡೆಯುವುದು ಒಂದು ವಿಧಾನ. ಮೊಬೈಲ್ ಸಿಗ್ನಲ್ ಇರುವ ಊರಿನಲ್ಲಿ ಅದಕ್ಕಿಂತ ಸುಲಭವಾದದ್ದಿಲ್ಲ. ಸಿಗ್ನಲ್ ಇಲ್ಲದ ಕೆರೆಯಂಗಳಗಳಿಗಾಗಿ ನಾನು ಅನುಸರಿಸುವುದು ಬೇರೆ ವಿಧಾನ. ಬೋರ್ಡನ್ನು ಒಂದೇ ಕಡೆ ಹಲವು ಗಂಟೆ ಬಿಟ್ಟು, ದಾಖಲೆಯನ್ನು ರೈನೆಕ್ಸ್ ಎಂಬ ಸಾಮಾನ್ಯ ಫೈಲು ರೂಪಕ್ಕೆ ತಂದು, ಕೆನಡಾ ಸರ್ಕಾರ ಉಚಿತವಾಗಿ ನಡೆಸುವ ಸಿಎಸ್‌ಆರ್‌ಎಸ್-ಪಿಪಿಪಿ ಎಂಬ ಸ್ಥಾನ ಲೆಕ್ಕ ಹಾಕಿಕೊಡುವ ಸೇವೆಗೆ ಕಳುಹಿಸುತ್ತೇನೆ. ಆ ಬಿಂದುವಿನ ಸ್ಥಾನ ಮಿಂಚಂಚೆಯಲ್ಲಿ ಬರುತ್ತದೆ. ಅದರ ಜೊತೆಗೇ ಬರುವ ದಿನಾಂಕವನ್ನು ಯಾರೂ ಅಳಿಸಬಾರದು. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿರುವುದರಿಂದ, ಇಂದು ಅಳೆದ ಬಾಂದುಕಲ್ಲಿನ ಜಾಗತಿಕ ಸ್ಥಾನ ಹತ್ತು ವರ್ಷಗಳಲ್ಲಿ ಅರ್ಧ ಮೀಟರಿನಷ್ಟು ಬೇರೆಯಾಗಿರುತ್ತದೆ, ಸುತ್ತಲಿನ ನೆಲಕ್ಕೆ ಹೋಲಿಸಿದರೆ ಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ಈ ವಿಷಯ ಉಚಿತ ಪಾಠಗಳಲ್ಲಿತ್ತು. ಶುಲ್ಕದ ತರಬೇತಿಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.

ಪಾಶ್ಚಾತ್ಯ ಪಾಠಗಳಲ್ಲಿ ನಮ್ಮ ಆಕಾಶಕ್ಕೆ ತಕ್ಕ ಒತ್ತು ಸಿಗದಿರುವುದು ಒಂದು ಕೊರತೆ. ಭೂಕಾಂತೀಯ ಸಮಭಾಜಕ ದಕ್ಷಿಣ ತಮಿಳುನಾಡಿನ ಮೇಲೆ ಹಾದುಹೋಗುವುದರಿಂದ, ಸೂರ್ಯಾಸ್ತದ ನಂತರ ನಮ್ಮ ಮೇಲಿನ ಅಯಾನುಗೋಳ, ಅಂದರೆ ಉಪಗ್ರಹದ ಸಂಕೇತಗಳು ಹಾದುಬರುವ ವಿದ್ಯುತ್ಕಣಗಳ ಪದರ, ಕದಡುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಇದು ತೀವ್ರ. ಮಧ್ಯಾಹ್ನವೆಲ್ಲ ಅಲುಗಾಡದೆ ನಿಂತಿದ್ದ ಫಿಕ್ಸ್ ರಾತ್ರಿ ಎಂಟರ ಸುಮಾರಿಗೆ ಮೋಡವೇ ಇಲ್ಲದ ಆಕಾಶದ ಕೆಳಗೆ ಮುರಿದು ಬೀಳುವುದನ್ನು ತಾರಸಿಯಲ್ಲಿ ನೋಡಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತ್ರ ನಡೆಯುವ ತರಬೇತಿಯಲ್ಲಿ ಇದು ಕಾಣಸಿಗುವುದೇ ಇಲ್ಲ.

ಭಾರತದ್ದೇ ಆದ ಉಪಗ್ರಹ ಸ್ಥಾನನಿರ್ಣಯ ವ್ಯವಸ್ಥೆ ನಾವಿಕ್ ಅನ್ನು ಕಲಿಯಬೇಕೆನ್ನುವವರು ಕೊಳ್ಳುವ ಮೊದಲು ಆವರ್ತನಗಳನ್ನು ನೋಡಿಕೊಳ್ಳಬೇಕು. 2013ರಿಂದ ಹಾರಿಸಿದ ಮೊದಲ ತಲೆಮಾರಿನ ಉಪಗ್ರಹಗಳು ಎಲ್5 ಮತ್ತು ಎಸ್ ಎಂಬ ಆವರ್ತನ ಬ್ಯಾಂಡುಗಳಲ್ಲಿ ಮಾತ್ರ ಪ್ರಸಾರ ಮಾಡುತ್ತವೆ. ಎಲ್1 ಸೇರಿದ್ದು 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಿಂದ. ಎಲ್1 ಮತ್ತು ಎಲ್2 ಹಿಡಿಯುವ ನನ್ನ ಬೋರ್ಡಿಗೆ ಆ ಹಳೆಯ ಉಪಗ್ರಹಗಳು ಕಾಣುವುದಿಲ್ಲ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಿಂದ ನಿರ್ವಹಿಸಲಾಗುವ ನಮ್ಮದೇ ವ್ಯವಸ್ಥೆಯನ್ನು ನೋಡಲು ನಾನು ಫೋನನ್ನೇ ಆಶ್ರಯಿಸಬೇಕಾಗಿದೆ, ಈ ಬೋರ್ಡಿನ ಬಗ್ಗೆ ನನಗಿರುವ ಬೇಸರ ಇದೊಂದೇ. ದಾರಿ ಹುಡುಕಲು ಮಾತ್ರ ಕಲಿಯುವವರಿಗೆ ಎಲ್5 ಇರುವ ಫೋನು ಸಾಕು. ಆಂಡ್ರಾಯ್ಡ್ 7ರಿಂದ ಈಚೆಗೆ ಕಚ್ಚಾ ಅಳತೆಗಳನ್ನು ದಾಖಲಿಸಿಕೊಳ್ಳಲೂ ಅವಕಾಶವಿದೆ.

ನಕ್ಷೆಗೆ ಕ್ಯೂಜಿಐಎಸ್, ಲೆಕ್ಕಕ್ಕೆ ಆರ್‌ಟಿಕೆಲಿಬ್: ಎರಡೂ ಉಚಿತ ತಂತ್ರಾಂಶಗಳು. ನಕ್ಷೆಯಲ್ಲಿ ಸ್ಥಾನವನ್ನು ಮೀಟರುಗಳಲ್ಲಿ ಗುರುತಿಸಲು ಭೂಮಿಯನ್ನು ಪಟ್ಟಿಗಳಾಗಿ ಹಂಚಿರುವ ಯುಟಿಎಂ ವಲಯಗಳಲ್ಲಿ ಒಂದನ್ನು ಆರಿಸುವಾಗ ಕರ್ನಾಟಕದ ಬಹುಪಾಲು 43ರಲ್ಲಿದ್ದರೂ ಕೋಲಾರ ಪಟ್ಟಣ 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವುದರಿಂದ 44ಕ್ಕೆ ಸೇರುತ್ತದೆ.

ಬೋರ್ಡ್, ಆಂಟೆನಾ ಮತ್ತು ತಂತಿಗಳಿಗೆ ನನಗೆ ತಗುಲಿದ್ದು ಮೂವತ್ತೈದು ಸಾವಿರ ರೂಪಾಯಿಯ ಆಸುಪಾಸು. ತರಬೇತಿಯ ಶುಲ್ಕ ಇದರ ಅರ್ಧಕ್ಕಿಂತ ಹೆಚ್ಚಿತ್ತು, ಮುಗಿದ ಮೇಲೆ ಕೈಯಲ್ಲಿ ಉಳಿದದ್ದು ಪ್ರಮಾಣಪತ್ರ. ಸರ್ವೆ ಕಂಪನಿಯಲ್ಲಿ ಕೆಲಸಕ್ಕೆ ಸೇರುವವರಿಗೆ ಆ ಪ್ರಮಾಣಪತ್ರವೂ, ಅಲ್ಲಿನ ರೋವರುಗಳ ಪರಿಚಯವೂ ಬೇಕಾಗುತ್ತದೆ. ಅಂಥವರು ತರಬೇತಿಗೆ ಸೇರಲಿ, ಆದರೆ ಶುಲ್ಕ ಕಟ್ಟುವ ಮೊದಲು ಜಿಯಾಯ್ಡ್ ಬಗ್ಗೆ ಎಷ್ಟು ಹೊತ್ತು ಪಾಠವಿದೆ ಎಂದು ಕೇಳಲಿ. ಹದ್ದುಬಸ್ತಿನ ವ್ಯಾಜ್ಯವಿರುವ ಜಮೀನಿಗೆ ಈ ಬೋರ್ಡನ್ನು ಒಯ್ಯುವುದನ್ನು ನಾನು ಒಪ್ಪುವುದಿಲ್ಲ, ಅದು ಇಲಾಖೆಯ ಭೂಮಾಪಕರ ಕೆಲಸ. ನಿಧಾನವಾಗಿ ಕಲಿಯುವ, ರಾತ್ರಿ ಕುಳಿತು ಫೈಲುಗಳನ್ನು ಬಿಡಿಸಿ ನೋಡುವ ಅಭ್ಯಾಸ ನನ್ನದು, ಹಾಗಾಗಿ ಈ ದಾರಿ ನನಗೆ ಒಗ್ಗಿತು. ಇಷ್ಟು ಹಣವೂ ಒಟ್ಟಿಗೆ ಇಲ್ಲದವರು ಉಚಿತ ಪಾಠ ಮತ್ತು ಫೋನಿನಿಂದ ಶುರುಮಾಡಿ, ಆಮೇಲೆ ಬೋರ್ಡ್ ಕೊಳ್ಳಬಹುದು. ಕೊಳ್ಳುವಾಗ ಉಳಿತಾಯವನ್ನು ಆಂಟೆನಾದಲ್ಲಿ ಮಾತ್ರ ಮಾಡಬೇಡಿ: ಎರಡೂ ಆವರ್ತನಗಳಿಗೆ ತಯಾರಿಸಿದ ಒಳ್ಳೆಯ ಆಂಟೆನಾ ಇಲ್ಲದೆ ಈ ಚಿಪ್ಪಿನಿಂದ ಸ್ಥಿರವಾದ ಫಿಕ್ಸ್ ನಿರೀಕ್ಷಿಸಲಾಗದು.